ಕಡಲ ಗಾಳಿಯ ಅಧ್ಯಯನ: ಕರಾವಳಿಯಲ್ಲಿ ಅಳೆದು, ದಾಖಲಿಸಿ, ಗುರುತಿಸುವ ಕ್ರಮ

ಕರ್ನಾಟಕದ ಕರಾವಳಿಯಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ತಿಳಿಯಾದ ದಿನಗಳಲ್ಲಿ ಗಾಳಿ ಎರಡು ಪಾಳಿಯಲ್ಲಿ ಬೀಸುತ್ತದೆ. ರಾತ್ರಿಯಿಂದ ಬೆಳಗಿನ ಎಂಟು ಒಂಬತ್ತು ಗಂಟೆಯವರೆಗೆ ನೆಲದ ಕಡೆಯಿಂದ ಮೂಡುಗಾಳಿ, ಬಳಿಕ ತೆಂಗಿನ ಗರಿಯೂ ಅಲುಗದ ಒಂದಷ್ಟು ಹೊತ್ತು, ಅನಂತರ ಸಂಜೆಯವರೆಗೆ ಕಡಲ ಕಡೆಯಿಂದ ಪಡುಗಾಳಿ. ಎಂಜಿನ್ ಬರುವ ಮೊದಲು ಹಾಯಿದೋಣಿಯ ಮೀನುಗಾರರು ನಸುಕಿನ ನೆಲಗಾಳಿಯನ್ನು ಹಿಡಿದು ಕಡಲಿಗಿಳಿದು, ಮಧ್ಯಾಹ್ನದ ಕಡಲ ಗಾಳಿಯಲ್ಲಿ ದಡ ಸೇರುತ್ತಿದ್ದರು. ಇಷ್ಟು ನಿಯಮಿತವಾಗಿ, ಮನೆಯ ಹತ್ತಿರವೇ, ದಿನವೂ ನಡೆಯುವ ಹವಾಮಾನದ ವಿದ್ಯಮಾನ ಬೇರೊಂದಿಲ್ಲವಾದ್ದರಿಂದ ಅದನ್ನು ಅಭ್ಯಾಸ ಮಾಡಲು ಪ್ರಯೋಗಾಲಯವಾಗಲಿ ದುಬಾರಿ ಯಂತ್ರಗಳಾಗಲಿ ಬೇಕಾಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ಎಚ್ಚರ ಬೇಕೇ ಬೇಕು: ಪಡುವಣದಿಂದ ಬೀಸಿದ್ದೆಲ್ಲ ಕಡಲ ಗಾಳಿಯಲ್ಲ. ಬೀಸುತ್ತಿರುವುದು ಆ ದಿನದ ಬಿಸಿಲು ಹುಟ್ಟಿಸಿದ ಗಾಳಿಯೋ, ಇಡೀ ಅರಬ್ಬಿ ಸಮುದ್ರದ ಮೇಲೆ ಬೀಸುತ್ತಿರುವ ದೊಡ್ಡ ಗಾಳಿಯ ಒಂದು ಭಾಗವೋ ಎಂಬುದನ್ನು ಬೇರ್ಪಡಿಸಿ ತೋರಿಸುವುದೇ ಈ ಅಧ್ಯಯನದ ತಿರುಳು. ಪ್ರೌಢಶಾಲೆ ಮತ್ತು ಕಾಲೇಜಿನ ವಿದ್ಯಾರ್ಥಿಗಳು, ಅವರ ಶಿಕ್ಷಕರು ಹಾಗೂ ಕರಾವಳಿಯಲ್ಲಿ ವಾಸವಿರುವ ಆಸಕ್ತರು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲು ಕಾರಣ ತಿಳಿದಿರಲಿ

ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಅಷ್ಟೇ ತೂಕದ ಒಣ ಮರಳಿಗೆ ಸುಮಾರು 0.8 ಕಿಲೋಜೂಲ್ ಸಾಕು. ಇದರ ಜೊತೆಗೆ ಬಿಸಿಲು ನೀರಿನೊಳಗೆ ಕೆಲವು ಮೀಟರ್ ಆಳದವರೆಗೆ ಇಳಿಯುತ್ತದೆ, ಅಲೆಗಳು ಆ ಶಾಖವನ್ನು ಕದಡಿ ಹಂಚುತ್ತವೆ, ಆವಿಯಾಗುವ ನೀರು ಮತ್ತಷ್ಟನ್ನು ಒಯ್ಯುತ್ತದೆ. ಹೀಗಾಗಿ ಕಡಲ ಮೇಲ್ಮೈಯ ಉಷ್ಣಾಂಶ ದಿನವಿಡೀ ಹೆಚ್ಚು ಬದಲಾಗದೆ ಉಳಿದರೆ, ನೆಲದ ಮೇಲಿನ ಗಾಳಿಯ ಉಷ್ಣಾಂಶ ನಸುಕಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿಗಿಂತ ಹೆಚ್ಚು ಏರಿಳಿಯುತ್ತದೆ. ಫೆಬ್ರುವರಿಯಲ್ಲಿ ಮಂಗಳೂರಿನ ಎದುರಿನ ಕಡಲು 28 ಡಿಗ್ರಿಯ ಆಸುಪಾಸಿನಲ್ಲಿರುವಾಗ ನೆಲದ ಗಾಳಿ ಮಧ್ಯಾಹ್ನ 33 ಡಿಗ್ರಿ ಮುಟ್ಟುತ್ತದೆ, ನಸುಕಿನಲ್ಲಿ 22ಕ್ಕೆ ಇಳಿಯುತ್ತದೆ.

ಬಿಸಿಯಾದ ನೆಲದ ಮೇಲಿನ ಗಾಳಿ ಹಿಗ್ಗಿ ಮೇಲೇರುತ್ತದೆ, ಮೇಲುಸ್ತರದಲ್ಲಿ ಅದು ಕಡಲಿನತ್ತ ಹರಿಯುತ್ತದೆ, ಕೆಳಗೆ ನೆಲದ ಮೇಲಿನ ಒತ್ತಡ ತುಸು ಕುಗ್ಗುತ್ತದೆ. ಈ ಕುಗ್ಗುವಿಕೆ ಒಂದು ಹೆಕ್ಟೊಪ್ಯಾಸ್ಕಲ್‌ನ ಆಸುಪಾಸು, ಅಂದರೆ ಒಟ್ಟು ವಾಯುಒತ್ತಡದ ಸುಮಾರು ಸಾವಿರದ ಒಂದು ಪಾಲು ಮಾತ್ರ. ಆದರೂ ಕಡಲ ಮೇಲಿನ ತಂಪಾದ, ಭಾರವಾದ ಗಾಳಿಯನ್ನು ನೆಲದತ್ತ ಎಳೆಯಲು ಅಷ್ಟು ಸಾಕು. ಹೀಗೆ ಒಳನುಗ್ಗುವ ಗಾಳಿಯ ಪದರ ಕೆಲವು ನೂರು ಮೀಟರ್‌ನಿಂದ ಸುಮಾರು ಒಂದು ಕಿಲೋಮೀಟರ್ ದಪ್ಪವಿರುತ್ತದೆ. ರಾತ್ರಿ ಇದೇ ವ್ಯವಸ್ಥೆ ತಿರುಗುಮುರುಗಾಗುತ್ತದೆ. ನಸುಕಿನಲ್ಲಿ ನೆಲ ಮತ್ತು ಕಡಲಿನ ಉಷ್ಣಾಂಶದ ಅಂತರ ಮಧ್ಯಾಹ್ನದಷ್ಟೇ ಇದ್ದರೂ ನೆಲಗಾಳಿ ಕಡಲ ಗಾಳಿಗಿಂತ ಮೆಲ್ಲಗಿರುವುದೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಹಗಲಲ್ಲಿ ಬಿಸಿ ನೂರಾರು ಮೀಟರ್ ಎತ್ತರದವರೆಗೆ ಏರುತ್ತದೆ. ರಾತ್ರಿಯ ತಂಪು ನೆಲಕ್ಕೆ ಅಂಟಿದ ತೆಳುವಾದ ಪದರದಲ್ಲೇ ಉಳಿಯುತ್ತದೆ. ಒತ್ತಡದ ವ್ಯತ್ಯಾಸ ಹುಟ್ಟುವುದು ಪದರದ ದಪ್ಪದಿಂದಲೂ ಹೌದಾದ್ದರಿಂದ ರಾತ್ರಿಯ ಗಾಳಿಗೆ ಬಲ ಸಾಲದು.

ಕಾಲ ಮತ್ತು ಜಾಗವನ್ನು ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕುವುದು ಬೇಡ. ಮೋಡ ಬಿಸಿಲನ್ನು ತಡೆಯುತ್ತದೆ, ಮುಂಗಾರಿನ ಪ್ರಬಲ ಪಡುಗಾಳಿ ಹಗಲು ರಾತ್ರಿ ಬೀಸುತ್ತಿರುತ್ತದೆ, ಅದರಡಿಯಲ್ಲಿ ಕಡಲ ಗಾಳಿಯನ್ನು ಹುಡುಕುವುದು ಹೊಸಬರಿಗೆ ಸಾಧ್ಯವಾಗುವ ಮಾತಲ್ಲ. ಆರಂಭಕ್ಕೆ ಜನವರಿ, ಫೆಬ್ರುವರಿ ಅತ್ಯುತ್ತಮ. ಆಗ ಹಿನ್ನೆಲೆಯ ಗಾಳಿ ಮೂಡಣದ ಕಡೆಯದಾಗಿರುವುದರಿಂದ ಕಡಲ ಗಾಳಿ ಬಂದಾಗ ದಿಕ್ಕು ಪೂರ್ತಿಯಾಗಿ ಮಗುಚುತ್ತದೆ ಮತ್ತು ಬಂದ ಕ್ಷಣ ಸ್ಪಷ್ಟವಾಗಿ ಕಾಣುತ್ತದೆ. ಏಪ್ರಿಲ್, ಮೇ ತಿಂಗಳ ಹೊತ್ತಿಗೆ ಪಶ್ಚಿಮ ಕರಾವಳಿಯುದ್ದಕ್ಕೂ ವಾಯವ್ಯದ ಗಾಳಿ ನೆಲೆಗೊಂಡಿರುತ್ತದೆ. ಆಗ ಕಡಲ ಗಾಳಿ ಅದರೊಡನೆ ಬೆರೆತು ಬೀಸುವುದರಿಂದ ಬೇರ್ಪಡಿಸಲು ಲೆಕ್ಕದ ಸಹಾಯ ಬೇಕಾಗುತ್ತದೆ.

ಒಂದೇ ಜಾಗದಲ್ಲಿ ಅಳೆದರೆ ಅರ್ಧ ಕೆಲಸ ಮಾತ್ರ ಆದಂತೆ. ಕಡಲದಂಡೆಯಲ್ಲೊಂದು, ಎಂಟು ಹತ್ತು ಕಿಲೋಮೀಟರ್ ಒಳಗೊಂದು, ಸಾಧ್ಯವಾದರೆ ಘಟ್ಟದ ಬುಡದಲ್ಲಿ ಮತ್ತೊಂದು ಜಾಗವನ್ನು ಕಡಲಿಗೆ ಅಡ್ಡಲಾದ ಒಂದೇ ಸಾಲಿನಲ್ಲಿ ಇಟ್ಟುಕೊಳ್ಳಬೇಕು. ಮಲ್ಪೆಯಿಂದ ಉಡುಪಿ, ಮಣಿಪಾಲ, ಹೆಬ್ರಿ ದಾಟಿ ಆಗುಂಬೆಗೆ ಏರುವ ರಾಷ್ಟ್ರೀಯ ಹೆದ್ದಾರಿ 169ಎ ಇಂಥ ಸಾಲಿಗೆ ಹೇಳಿ ಮಾಡಿಸಿದಂತಿದೆ. ಭಟ್ಕಳ, ಹೊನ್ನಾವರದ ಕಡೆ ಗುಡ್ಡಗಳು ಕಡಲಿಗೆ ತೀರ ಹತ್ತಿರ ಬರುತ್ತವೆ; ಅಲ್ಲಿ ಬಿಸಿಲಿಗೆ ಕಾದ ಇಳಿಜಾರುಗಳನ್ನು ಹತ್ತುವ ಗಾಳಿಯೂ ಕಡಲ ಗಾಳಿಯೂ ಬೇಗನೆ ಒಂದಾಗಿಬಿಡುತ್ತವೆ. ಮಂಗಳೂರು, ಬಂಟ್ವಾಳ, ಬೆಳ್ತಂಗಡಿಯ ಅಗಲವಾದ ನೆಲದಲ್ಲಿ ಇವೆರಡನ್ನೂ ಪ್ರತ್ಯೇಕವಾಗಿ ನೋಡಲು ಹೆಚ್ಚು ಅವಕಾಶವಿದೆ.

ದಂಡೆಯ ಜಾಗವನ್ನು ಗೊತ್ತುಮಾಡುವಾಗ ಅಡೆತಡೆಗಳನ್ನು ಗಮನಿಸಿ. ನಮ್ಮ ಕಡಲದಂಡೆಯ ಬಹುಭಾಗದಲ್ಲಿ ಗಾಳಿಮರದ ಸಾಲುಗಳಿವೆ. ಮರ, ಕಟ್ಟಡ ಇವುಗಳ ಎತ್ತರದ ಹತ್ತು ಪಟ್ಟಿನಷ್ಟಾದರೂ ದೂರದಲ್ಲಿ ನಿಂತು ಅಳೆಯಬೇಕೆಂಬುದು ಹವಾಮಾನ ವೀಕ್ಷಣೆಯ ರೂಢಿಯ ನಿಯಮ. 10 ಮೀಟರ್ ಎತ್ತರದ ಮರವಿದ್ದರೆ 100 ಮೀಟರ್ ದೂರ. ಅಳಿವೆಗಳ ಬಾಯಿಯೂ ಬೇಡ. ಹೊನ್ನಾವರದಲ್ಲಿ ಶರಾವತಿ, ಕಾರವಾರದಲ್ಲಿ ಕಾಳಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಗಾಳಿಗೆ ಓಣಿಯಾಗಿ ದಿಕ್ಕನ್ನೇ ತಿರುಗಿಸಬಲ್ಲವು. ಬಂದರು ಮತ್ತು ನೌಕಾನೆಲೆಯ ಸುತ್ತ ಅನುಮತಿಯಿಲ್ಲದೆ ಉಪಕರಣ ನಿಲ್ಲಿಸುವುದು, ಚಿತ್ರ ತೆಗೆಯುವುದು ಸಲ್ಲದು.

ಉಪಕರಣಗಳು

ಹತ್ತಡಿ ಬಿದಿರಿನ ಗಳುವಿನ ತುದಿಗೆ ಹಗುರವಾದ ಬಟ್ಟೆಯ ಪಟ್ಟಿ, ಒಂದು ದಿಕ್ಸೂಚಿ, ಕೈಯಲ್ಲಿ ಹಿಡಿಯುವ ಗಾಳಿವೇಗ ಮಾಪಕ, ಎರಡು ಥರ್ಮಾಮೀಟರ್, ಒಂದು ಗಡಿಯಾರ, ಒಂದು ದಪ್ಪ ನೋಟ್‌ಪುಸ್ತಕ. ಇಷ್ಟಿದ್ದರೆ ಕೆಲಸ ಶುರುಮಾಡಬಹುದು. ದಿಕ್ಸೂಚಿಯಾಗಿ ಮೊಬೈಲ್ ಬಳಸುವುದಾದರೆ ವಾಹನ, ಕಬ್ಬಿಣದ ಬೇಲಿ, ಬೋಟುಗಳಿಂದ ದೂರ ನಿಂತು ನೋಡಬೇಕು. ಒಮ್ಮೆ ಉತ್ತರವನ್ನು ಖಚಿತಪಡಿಸಿಕೊಂಡು ನೆಲದ ಮೇಲೆ ಗೂಟ ನೆಟ್ಟು ಎಂಟು ದಿಕ್ಕುಗಳನ್ನು ಗುರುತಿಸಿಟ್ಟರೆ ಮೊಬೈಲಿನ ಹಂಗೇ ಬೇಡ. ಗಾಳಿವೇಗ ಮಾಪಕ ಸಿಗದವರು ಬೋಫೋರ್ಟ್ ಮಾಪನವನ್ನು ಧಾರಾಳವಾಗಿ ನೆಚ್ಚಿಕೊಳ್ಳಬಹುದು: ಹೊಗೆ ವಾಲಿದರೂ ಎಲೆ ಅಲುಗದಿದ್ದರೆ ಗಂಟೆಗೆ 1ರಿಂದ 5 ಕಿ.ಮೀ., ಎಲೆ ಮರ್ಮರಗುಟ್ಟಿ ಮುಖಕ್ಕೆ ಗಾಳಿ ತಿಳಿದರೆ 6ರಿಂದ 11, ಎಲೆಗಳೂ ಸಣ್ಣ ಕಡ್ಡಿಗಳೂ ಸತತವಾಗಿ ಆಡುತ್ತಿದ್ದರೆ 12ರಿಂದ 19, ಧೂಳು ಮತ್ತು ಕಾಗದ ಮೇಲೆದ್ದು ಸಣ್ಣ ಕೊಂಬೆಗಳು ತೂಗಿದರೆ 20ರಿಂದ 28. ಹವಾಮಾನ ಕೇಂದ್ರಗಳು ಗಾಳಿಯನ್ನು ಅಳೆಯುವುದು 10 ಮೀಟರ್ ಎತ್ತರದಲ್ಲಿ. ನೀವು 2 ಮೀಟರ್ ಎತ್ತರದಲ್ಲಿ ಅಳೆದರೆ ಬಯಲಿನಲ್ಲಿ ಅದರ ಸುಮಾರು ಮುಕ್ಕಾಲು ಭಾಗದಷ್ಟು ವೇಗ ಮಾತ್ರ ದಕ್ಕುತ್ತದೆ. ಹೋಲಿಸುವಾಗ ಇದು ನೆನಪಿರಲಿ.

ಎರಡು ಥರ್ಮಾಮೀಟರ್‌ಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆಯ ಬತ್ತಿ ಸುತ್ತಬೇಕು. ಎರಡರ ಅಂಕಿಗಳಿಂದ ತೇವಾಂಶವನ್ನೂ ಇಬ್ಬನಿ ಬಿಂದುವನ್ನೂ (ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ನೀರಾವಿ ಹನಿಗಟ್ಟತೊಡಗುತ್ತದೋ ಆ ಉಷ್ಣಾಂಶ) ಕೋಷ್ಟಕ ನೋಡಿ ಪಡೆಯಬಹುದು. ಇಲ್ಲಿ ಕಡಲದಂಡೆಗೇ ವಿಶೇಷವಾದ ತೊಂದರೆಯೊಂದಿದೆ. ಗಾಳಿಯಲ್ಲಿ ಹಾರಿಬರುವ ಉಪ್ಪಿನ ಸೂಕ್ಷ್ಮ ಹನಿಗಳು ಬತ್ತಿಯಲ್ಲಿ ಸೇರಿಕೊಂಡು ನೀರು ಆವಿಯಾಗುವುದನ್ನು ತಗ್ಗಿಸುತ್ತವೆ. ಆಗ ಒದ್ದೆ ಬುರುಡೆ ಇಳಿಯಬೇಕಾದಷ್ಟು ಇಳಿಯದೆ ತೇವಾಂಶ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಬತ್ತಿಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಿ, ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಕೈಯಿಂದ ಮುಟ್ಟಬೇಡಿ. ಥರ್ಮಾಮೀಟರ್‌ಗಳು ನೆಲದಿಂದ ಸುಮಾರು 1.25 ಮೀಟರ್ ಎತ್ತರದಲ್ಲಿ, ಗಾಳಿಯಾಡುವ, ಬಿಳಿ ಬಣ್ಣ ಬಳಿದ, ಜಾಲಂದ್ರದ ಪೆಟ್ಟಿಗೆಯೊಳಗಿರಬೇಕು. ಮರಳಿನ ಮೇಲೆ ನೇರ ಬಿಸಿಲಿನಲ್ಲಿ ಹಿಡಿದು ಓದಿದ ಉಷ್ಣಾಂಶ ಯಾವ ಲೆಕ್ಕಕ್ಕೂ ಬಾರದು.

ದಾಖಲೆ ಬರೆಯುವ ರೀತಿ

ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ ಅರ್ಧ ಗಂಟೆಗೊಮ್ಮೆ, 9ರಿಂದ 12ರವರೆಗೆ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಬರೆದರೆ ಮುಖ್ಯವಾದದ್ದು ಕೈತಪ್ಪುವುದಿಲ್ಲ. ಪ್ರತಿ ಸಲವೂ ಎರಡು ನಿಮಿಷ ಪಟ್ಟಿಯನ್ನು ನೋಡಿ, ಸರಾಸರಿ ದಿಕ್ಕು ಮತ್ತು ವೇಗವನ್ನು ಬರೆಯಿರಿ. ಜೊತೆಗೆ ಒಣ ಮತ್ತು ಒದ್ದೆ ಬುರುಡೆಯ ಉಷ್ಣಾಂಶ, ಆಕಾಶದ ಎಂಟು ಪಾಲಿನಲ್ಲಿ ಮೋಡವೆಷ್ಟು, ಮೋಡ ಯಾವ ಕಡೆಗೆ ಚಲಿಸುತ್ತಿದೆ, ಕಡಲ ಮೇಲೆ ನೊರೆ ಒಡೆಯುತ್ತಿದೆಯೇ ಎಂಬ ವಿವರಗಳಿರಲಿ. ದಿಕ್ಕು ಎಂದರೆ ಗಾಳಿ ಬರುವ ದಿಕ್ಕು, ಹೋಗುವ ದಿಕ್ಕಲ್ಲ. ಉತ್ತರಕ್ಕೆ 360, ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270 ಡಿಗ್ರಿ. ಗಾಳಿಯೇ ಇಲ್ಲದ ಹೊತ್ತನ್ನು ಖಾಲಿ ಬಿಡದೆ ‘ನಿಶ್ಚಲ’ ಎಂದು ಬರೆಯಬೇಕು, ಏಕೆಂದರೆ ಎರಡು ಗಾಳಿಗಳ ನಡುವಿನ ಆ ಬಿಡುವು ಎಷ್ಟು ಹೊತ್ತಿನದೆಂಬುದು ಮುಂದೆ ಬಹಳ ಉಪಯೋಗಕ್ಕೆ ಬರುವ ಮಾಹಿತಿ.

ಮೀನುಗಾರರೊಡನೆ ಮಾತನಾಡಿ ಪಡೆದ ವಿವರಗಳಿಗೂ ನೋಟ್‌ಪುಸ್ತಕದಲ್ಲಿ ಜಾಗವಿರಲಿ. ಇವತ್ತು ಗಾಳಿ ಹೇಗಿತ್ತೆಂದು ಕೇಳಿದರೆ ಯಾರಾದರೂ ಕೊಡಬಹುದಾದ ಉತ್ತರವೇ ಸಿಗುತ್ತದೆ. ಮೂಡುಗಾಳಿ ಎಷ್ಟು ಹೊತ್ತಿಗೆ ನಿಂತಿತು, ಪಡುಗಾಳಿ ಮೊದಲು ಸಿಕ್ಕಿದ್ದು ದಡದಿಂದ ಎಷ್ಟು ದೂರದಲ್ಲಿ ಎಂದು ಕೇಳಿದರೆ ಯಾವ ಉಪಕರಣವೂ ತಿಳಿಸದ ಸಂಗತಿ ತಿಳಿಯುತ್ತದೆ. ದಂಡೆಯಲ್ಲಿ ಇನ್ನೂ ನಿಶ್ಚಲವಾಗಿರುವಾಗಲೇ ಕಡಲ ಮೇಲೆ ಗಾಳಿ ತಿರುಗಿರುವುದುಂಟು. ನಾಡದೋಣಿಯಲ್ಲಿ ದಿನವೂ ಹೋಗಿಬರುವವರು ಇದನ್ನು ಯಾವ ಶಾಲಾ ಪುಸ್ತಕಕ್ಕಿಂತಲೂ ಚೆನ್ನಾಗಿ ಬಲ್ಲರು. ಅವರ ಹೇಳಿಕೆಯನ್ನು ಸಮಯ ಸಮೇತ ಬರೆದುಕೊಳ್ಳುವುದು ಅಧ್ಯಯನದ ಅಂಗವೇ ಆಗಬೇಕು.

ಬಂದದ್ದು ಕಡಲ ಗಾಳಿಯೇ ಎನ್ನಲು ಸಾಕ್ಷಿ

ದಿಕ್ಕು ತಿರುಗಿತೆಂಬ ಒಂದೇ ಕಾರಣಕ್ಕೆ ತೀರ್ಮಾನಕ್ಕೆ ಬರಬೇಡಿ. ದಿಕ್ಕು ನೆಲದ ಕಡೆಯಿಂದ ಕಡಲ ಕಡೆಗೆ ತಿರುಗುವುದು, ಏರುತ್ತಿದ್ದ ಉಷ್ಣಾಂಶ ನಿಲ್ಲುವುದು ಅಥವಾ ಇಳಿಯುವುದು, ಇಬ್ಬನಿ ಬಿಂದು ಏರುವುದು, ಈ ಮೂರೂ ಹೆಚ್ಚುಕಡಿಮೆ ಒಟ್ಟಿಗೆ ಕಾಣಬೇಕು. ಜೊತೆಗೆ ಆ ಪಡುಗಾಳಿ ಸಂಜೆ ಅಥವಾ ರಾತ್ರಿಯ ಹೊತ್ತಿಗೆ ಸೋತು ನಿಲ್ಲಬೇಕು. ರಾತ್ರಿಯಿಡೀ ಅದೇ ಬಲದಲ್ಲಿ ಬೀಸಿದರೆ ಅದರ ಮೂಲ ಬೇರೆ.

ಸಾಪೇಕ್ಷ ಆರ್ದ್ರತೆಯನ್ನು (ಆ ಉಷ್ಣಾಂಶದಲ್ಲಿ ಗಾಳಿಯಲ್ಲಿರಬಹುದಾದ ಗರಿಷ್ಠ ನೀರಾವಿಯಲ್ಲಿ ಶೇಕಡಾ ಎಷ್ಟು ಇದೆಯೆಂಬುದನ್ನು) ಬಿಟ್ಟು ಇಬ್ಬನಿ ಬಿಂದುವನ್ನೇ ನೋಡಬೇಕೆಂದು ಒತ್ತಿ ಹೇಳಲು ಕಾರಣವಿದೆ. ಬೆಳಗ್ಗೆ 11ಕ್ಕೆ ಉಷ್ಣಾಂಶ 34 ಡಿಗ್ರಿ, ಇಬ್ಬನಿ ಬಿಂದು 18 ಡಿಗ್ರಿ ಇತ್ತೆನ್ನೋಣ. ಆಗ ಸಾಪೇಕ್ಷ ಆರ್ದ್ರತೆ ಶೇ. 39ರಷ್ಟು. ಗಾಳಿ ಬದಲಾಗದೆ ಒಂದು ಮೋಡ ಅಡ್ಡ ಬಂದು ಉಷ್ಣಾಂಶ 32ಕ್ಕೆ ಇಳಿದರೂ ಆರ್ದ್ರತೆ ಶೇ. 43 ಆಗುತ್ತದೆ, ಗಾಳಿಯಲ್ಲಿರುವ ನೀರಾವಿ ಒಂದಿಷ್ಟೂ ಹೆಚ್ಚಿರುವುದಿಲ್ಲ. ನಿಜವಾಗಿ ಕಡಲ ಗಾಳಿ ಬಂದು ಇಬ್ಬನಿ ಬಿಂದು 25ಕ್ಕೆ ಏರಿದರೆ ಅದೇ 32 ಡಿಗ್ರಿಯಲ್ಲಿ ಆರ್ದ್ರತೆ ಶೇ. 66 ದಾಟುತ್ತದೆ. ಮೋಡದ ನೆರಳಿಗೂ ಕಡಲಿನಿಂದ ಬಂದ ಹೊಸ ಗಾಳಿಗೂ ಇರುವ ವ್ಯತ್ಯಾಸ ಇಬ್ಬನಿ ಬಿಂದುವಿನಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಕಡಲ ಗಾಳಿ ತಡವಾಗುವ ದಿನಗಳನ್ನು ಪ್ರತ್ಯೇಕವಾಗಿ ಗುರುತು ಮಾಡಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಇವೇ ಅತ್ಯಂತ ಮಹತ್ವದ ದಿನಗಳು. ಫೆಬ್ರುವರಿ, ಮಾರ್ಚ್‌ನಲ್ಲಿ ಘಟ್ಟದಿಂದ ಇಳಿಯುವ ಒಣ ಮೂಡುಗಾಳಿ ಬಲವಾಗಿದ್ದರೆ ಕಡಲ ಗಾಳಿ ಮಧ್ಯಾಹ್ನದವರೆಗೂ ದಡ ಹತ್ತಲಾರದು, ಆ ಅವಧಿಯಲ್ಲಿ ಕರಾವಳಿಯ ಉಷ್ಣಾಂಶ ಒಂದೇ ಸಮನೆ ಏರುತ್ತದೆ. ಬಯಲುಸೀಮೆಯಲ್ಲಿ ಬಿಸಿಗಾಳಿಯ ಪ್ರಶ್ನೆ ಏಳುವುದು ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದಾಗ. ಕರಾವಳಿಗೆ ಭಾರತೀಯ ಹವಾಮಾನ ಇಲಾಖೆ ಇಟ್ಟಿರುವ ಮಿತಿ 37 ಡಿಗ್ರಿ, ಅದೂ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಮೀನು ಒಣಗಿಸುವವರು, ರಸ್ತೆ ಕೆಲಸದವರು, ಮಧ್ಯಾಹ್ನ ಶಾಲೆಯಿಂದ ನಡೆದು ಬರುವ ಮಕ್ಕಳು ಅನುಭವಿಸುವ ಸೆಕೆಯ ತೀವ್ರತೆ ಕಡಲ ಗಾಳಿ ಹನ್ನೊಂದಕ್ಕೆ ಬಂತೋ ಎರಡಕ್ಕೆ ಬಂತೋ ಎಂಬುದನ್ನು ಅವಲಂಬಿಸಿರುವುದರಿಂದ, ಗಾಳಿ ಬಂದ ಸಮಯವನ್ನು ಹಲವು ವರ್ಷ ಬಿಡದೆ ಬರೆದಿಟ್ಟ ಒಂದು ಶಾಲೆಯ ದಾಖಲೆ ಆ ಊರಿಗೆ ನಿಜವಾದ ಆಸ್ತಿ.

ಲೆಕ್ಕ ಮತ್ತು ನಕ್ಷೆ

ಮೊದಲು ನಿಮ್ಮ ದಂಡೆಯ ವಾಲುವಿಕೆಯನ್ನು ನಕ್ಷೆಯಿಂದ ಅಳೆದುಕೊಳ್ಳಿ. ನಮ್ಮ ಕರಾವಳಿ ನೇರ ಉತ್ತರ ದಕ್ಷಿಣವಾಗಿಲ್ಲ, ಉತ್ತರದ ತುದಿ ತುಸು ಪಶ್ಚಿಮಕ್ಕೆ ಸರಿದಿದೆ. ಮಲ್ಪೆ ಮತ್ತು ಕಾಪು ನಡುವೆ ದಂಡೆಗೆ ಲಂಬವಾಗಿ ಕಡಲಿನತ್ತ ಗೆರೆ ಎಳೆದರೆ ಅದು ಸುಮಾರು 250 ಡಿಗ್ರಿಯ ಕಡೆಗೆ, ಅಂದರೆ ಪಶ್ಚಿಮ ನೈಋತ್ಯಕ್ಕೆ ಮುಖ ಮಾಡುತ್ತದೆ. ಗಾಳಿಯ ದಿಕ್ಕಿಗೂ ಈ ಗೆರೆಗೂ ನಡುವಿನ ಕೋನದ ಕೋಸೈನ್‌ನಿಂದ ವೇಗವನ್ನು ಗುಣಿಸಿದರೆ ದಡಕ್ಕೆ ನೇರವಾಗಿ ನುಗ್ಗುವ ಅಂಶ ಸಿಗುತ್ತದೆ. ಉದಾಹರಣೆಗೆ ಮಧ್ಯಾಹ್ನ 3ಕ್ಕೆ 310 ಡಿಗ್ರಿಯಿಂದ ಸೆಕೆಂಡಿಗೆ 6 ಮೀಟರ್ ಗಾಳಿಯಿದ್ದರೆ ಕೋನ 60 ಡಿಗ್ರಿ, ಕೋಸೈನ್ 0.5, ಒಳನುಗ್ಗುವ ಅಂಶ 3 ಮೀಟರ್ ಮಾತ್ರ. ಉಳಿದದ್ದು, ಸುಮಾರು 5.2 ಮೀಟರ್, ದಂಡೆಯುದ್ದಕ್ಕೂ ತೆಂಕಣಕ್ಕೆ ಸಾಗುವ ಗಾಳಿ. ಮುಖಕ್ಕೆ ಬಲವಾಗಿ ಬಡಿದ ಗಾಳಿಯಲ್ಲಿ ಅರ್ಧದಷ್ಟು ವೇಗ ಮಾತ್ರ ದಡಕ್ಕೆ ನೇರವಾಗಿತ್ತೆಂಬುದು ಈ ಲೆಕ್ಕವಿಲ್ಲದೆ ತಿಳಿಯುವುದಿಲ್ಲ.

ದಿಕ್ಕುಗಳ ಸರಾಸರಿಯನ್ನು ಡಿಗ್ರಿಗಳನ್ನು ಕೂಡಿ ಭಾಗಿಸಿ ತೆಗೆಯಲೇಬಾರದು. 350 ಮತ್ತು 10 ಡಿಗ್ರಿಯ ಎರಡು ಗಾಳಿಗಳೂ ಉತ್ತರದವು. ಕೂಡಿ ಭಾಗಿಸಿದರೆ 180, ಅಂದರೆ ದಕ್ಷಿಣ ಎಂಬ ಉತ್ತರ ಬರುತ್ತದೆ. ಪ್ರತಿ ಗಾಳಿಯನ್ನೂ ಪೂರ್ವ ಪಶ್ಚಿಮದ ಅಂಶ ಮತ್ತು ಉತ್ತರ ದಕ್ಷಿಣದ ಅಂಶವಾಗಿ ಒಡೆದು, ಆ ಅಂಶಗಳ ಸರಾಸರಿ ತೆಗೆದು, ಅನಂತರ ದಿಕ್ಕಿಗೆ ಮರಳಬೇಕು. ದಿನವಿಡೀ ಸಮ ಅಂತರದಲ್ಲಿ ತೆಗೆದ ದಾಖಲೆಗಳ ಸರಾಸರಿ ಅಂಶಗಳನ್ನು ಪ್ರತಿ ಗಂಟೆಯ ಅಂಶಗಳಿಂದ ಕಳೆದಾಗ ಉಳಿಯುವುದೇ ದೈನಿಕ ಗಾಳಿ. ಏಪ್ರಿಲ್ ತಿಂಗಳ ವಾಯವ್ಯ ಗಾಳಿಯಿಂದ ಕಡಲ ಗಾಳಿಯನ್ನು ಬಿಡಿಸಿಕೊಳ್ಳುವ ದಾರಿ ಇದೇ. ಇದಕ್ಕೆ ರಾತ್ರಿಯ ದಾಖಲೆಯೂ ಬೇಕಾದ್ದರಿಂದ ಆಯ್ದ ಕೆಲವು ದಿನಗಳಾದರೂ ಪಾಳಿ ಹಾಕಿಕೊಂಡು 24 ಗಂಟೆ ಅಳೆಯಿರಿ.

ಉಳಿದ ಅಂಶಗಳನ್ನು ಗ್ರಾಫ್ ಹಾಳೆಯ ನಡುವಿನಿಂದ ಬಾಣಗಳಾಗಿ ಎಳೆದು ತುದಿಗಳನ್ನು ಗಂಟೆಯ ಕ್ರಮದಲ್ಲಿ ಜೋಡಿಸಿದರೆ ಮುಚ್ಚಿದ ಒಂದು ಬಳೆಯಾಕಾರ ಮೂಡುತ್ತದೆ. ಭೂಮಿಯ ತಿರುಗುವಿಕೆಯಿಂದ ಉತ್ತರ ಗೋಳಾರ್ಧದಲ್ಲಿ ಈ ಬಾಣ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವುದು ಸಹಜ. ನಮ್ಮಲ್ಲಿ ನೈಋತ್ಯ, ಪಶ್ಚಿಮದಿಂದ ಸಂಜೆಯ ಹೊತ್ತಿಗೆ ವಾಯವ್ಯದ ಕಡೆಗೆ. ಆದರೆ 13 ಡಿಗ್ರಿ ಅಕ್ಷಾಂಶದಲ್ಲಿ ಆ ತಿರುವಿನ ಸಹಜ ಅವಧಿ ಸುಮಾರು 53 ಗಂಟೆಯಷ್ಟು ದೀರ್ಘವಾದ್ದರಿಂದ ಅದೊಂದರಿಂದಲೇ ದೊಡ್ಡ ತಿರುವನ್ನು ನಿರೀಕ್ಷಿಸಬಾರದು. ಗುಡ್ಡದ ಸೆಳೆತ, ದಂಡೆಯ ಬಾಗು ಇವೂ ತಿರುವನ್ನು ಬದಲಿಸುತ್ತವೆ. ಕೆಲವೆಡೆ ಬಳೆ ಉಲ್ಟಾ ಸುತ್ತಿದರೆ ದಾಖಲೆ ತಪ್ಪೆಂದು ಎಸೆಯದೆ ಕಾರಣ ಹುಡುಕಿ.

ಎರಡು ಜಾಗಗಳ ದಾಖಲೆಯಿದ್ದರೆ ಗಾಳಿಯ ಮುಂಚೂಣಿಯ ವೇಗವೂ ಸಿಗುತ್ತದೆ. ಮಲ್ಪೆ ದಂಡೆಯಲ್ಲಿ 10.45ಕ್ಕೆ, ಹತ್ತು ಕಿಲೋಮೀಟರ್ ಒಳಗಿನ ಮಣಿಪಾಲದಲ್ಲಿ 11.40ಕ್ಕೆ ಮೂರೂ ಸಾಕ್ಷಿಗಳು ಕಂಡವೆಂದಿಟ್ಟುಕೊಳ್ಳೋಣ. ಮುಂಚೂಣಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಸಾಗಿದೆ. ಎರಡೂ ಕಡೆಯ ಗಡಿಯಾರಗಳು ಒಂದೇ ಸಮಯ ತೋರಿಸುವಂತೆ ಬೆಳಗ್ಗೆಯೇ ಹೊಂದಿಸಿಕೊಂಡಿರಬೇಕು.

ಹೊರಗಿನ ದತ್ತಾಂಶದೊಡನೆ ಹೋಲಿಕೆ

ಪಣಂಬೂರು, ಬಜ್ಪೆ, ಹೊನ್ನಾವರ, ಕಾರವಾರಗಳಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯಗಳಿವೆ. ಮಂಗಳೂರು ವಿಮಾನ ನಿಲ್ದಾಣದ ಮೆಟಾರ್ ವರದಿಗಳು, ಅಂದರೆ ವಿಮಾನಯಾನಕ್ಕಾಗಿ ಸಂಕೇತಗಳಲ್ಲಿ ಬರೆದ ಹವಾಮಾನ ವರದಿಗಳು, ಅಂತರಜಾಲದಲ್ಲಿ ಮುಕ್ತವಾಗಿ ಸಿಗುತ್ತವೆ. ಅದರಲ್ಲಿ 28010 ಎಂಬ ಗುಂಪಿದ್ದರೆ 280 ಡಿಗ್ರಿಯಿಂದ 10 ನಾಟ್ ಗಾಳಿ ಎಂದರ್ಥ. ಒಂದು ನಾಟ್ ಗಂಟೆಗೆ 1.852 ಕಿ.ಮೀ. ಸಮಯ ಜಾಗತಿಕ ಕಾಲಮಾನದಲ್ಲಿರುವುದರಿಂದ 5.30 ಗಂಟೆ ಕೂಡಿಸಬೇಕು: ವರದಿಯ 0900 ನಮ್ಮ ಮಧ್ಯಾಹ್ನ 2.30. ಬಜ್ಪೆಯಲ್ಲಿರುವ ಈ ವಿಮಾನ ನಿಲ್ದಾಣ ಕಡಲಿನಿಂದ ಸುಮಾರು ಹತ್ತು ಕಿಲೋಮೀಟರ್ ಒಳಗೆ, ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿರುವುದರಿಂದ ಅದನ್ನು ದಂಡೆಯ ಅಂಕಿಯೆಂದು ತಿಳಿಯಬಾರದು. ಮೊಬೈಲಿನ ಹವಾಮಾನ ಆ್ಯಪ್‌ಗಳು ತೋರಿಸುವ ಗಾಳಿ ಬಹುಪಾಲು ಗಣಕ ಮಾದರಿಗಳ ಅಂದಾಜು, ಅಳತೆಯಲ್ಲ. ಹತ್ತಾರು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಲೆಕ್ಕ ಹಾಕುವ ಮಾದರಿಗಳಿಗೆ ಕಡಲೂ ಘಟ್ಟವೂ ಒಂದೆರಡು ಚೌಕದೊಳಗೇ ಬಂದುಬಿಡುತ್ತವೆ. ಕಡಲ ಮೇಲ್ಮೈ ಉಷ್ಣಾಂಶಕ್ಕೆ ಸಾಗರದ ಮಾಹಿತಿ ಒದಗಿಸುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಪ್ರಕಟಣೆಗಳನ್ನು ನೋಡಬಹುದು.

ಇನ್ಸಾಟ್ ಉಪಗ್ರಹಗಳ ಹಗಲಿನ ಚಿತ್ರಗಳನ್ನು ಅರ್ಧ ಗಂಟೆಯ ಅಂತರದಲ್ಲಿ ನೋಡಿದರೆ ಕೆಲವು ದಿನ ದಂಡೆಯುದ್ದಕ್ಕೂ ಮೋಡವಿಲ್ಲದ ಪಟ್ಟಿಯೊಂದು ಬೆಳೆಯುತ್ತ, ಅದರ ಮೂಡಣ ಅಂಚಿನಲ್ಲಿ ಸಣ್ಣ ಮೋಡಗಳ ಸಾಲು ಘಟ್ಟದತ್ತ ಸರಿಯುವುದು ಕಾಣುತ್ತದೆ. ಕಡಲ ಗಾಳಿ ಎಲ್ಲಿಯವರೆಗೆ ತಲುಪಿದೆಯೆಂದು ನಿಮ್ಮ ನೆಲದ ದಾಖಲೆಯೊಡನೆ ತಾಳೆ ಹಾಕಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕಡಲ ಮೇಲೂ ಅದರ ಗುರುತು ಬೀಳುತ್ತದೆ: ಮಧ್ಯಾಹ್ನದ ನಂತರ ಕಡಲ ಗಾಳಿಯಿಂದ ಏಳುವ ಗಿಡ್ಡ ಅಲೆಗಳನ್ನು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳೆದು ತೋರಿಸಿದ್ದಾರೆ. ನೊರೆಯ ಬಗ್ಗೆ ನೀವು ಬರೆದಿಟ್ಟ ಟಿಪ್ಪಣಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ತೇವ ತುಂಬಿದ ಕಡಲ ಗಾಳಿ ಘಟ್ಟದ ಬುಡದಲ್ಲಿ ಮೂಡಣದ ಗಾಳಿಯನ್ನು ಸಂಧಿಸಿದಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮೋಡ ಕಟ್ಟುವುದುಂಟು. ಹೆಬ್ರಿ, ಬೆಳ್ತಂಗಡಿ ಕಡೆಯ ವೀಕ್ಷಕರಿಗೆ ಇದು ಅಮೂಲ್ಯ ಅವಕಾಶವಾದರೂ ಗಳುವಿನ ಪಕ್ಕ ಬಯಲಿನಲ್ಲಿ ನಿಲ್ಲುವುದು ಪ್ರಾಣಾಪಾಯದ ಕೆಲಸ. ಮೊದಲ ಗುಡುಗು ಕೇಳಿದ ಕೂಡಲೇ ಅಳತೆ ನಿಲ್ಲಿಸಿ ಪಕ್ಕಾ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಳೆಯುವವರೆಗೂ ಹೊರಗೆ ಬರಬೇಡಿ. ಆ ಅವಧಿಯ ಅಂಕಿಗಳನ್ನು ಅಂದಾಜಿನಿಂದ ತುಂಬದೆ, ವೀಕ್ಷಣೆ ನಿಲ್ಲಿಸಿದ ಮತ್ತು ಮತ್ತೆ ಆರಂಭಿಸಿದ ಸಮಯಗಳನ್ನು ಮಾತ್ರ ಪುಸ್ತಕದಲ್ಲಿ ಬರೆಯಿರಿ.